ಬಾಲವುಳ್ಳ ಆ

ಪರದೆಯ ಮೇಲೆ ಎಲ್ಲ ಅಕ್ಷರವೂ ಸಜ್ಜನ.
ಬಟ್ಟೆಗೆ ಇಳಿದ ಮೇಲೇ ಗುಣ ತಿಳಿಯುವುದು.

ಪೋಲೆಂಡಿನ ವೂಚ್ ಊರಿನ ಹಳೆ ಗಿರಣಿ, ಮೂರನೆಯ ಮಹಡಿ.
ಹದಿನೈದು ಸೂಜಿಯ ಒಂದು ಯಂತ್ರ, ಒಂದು ಹೀಟರು, ನಾನು.
ನವೆಂಬರು; ನಾಲ್ಕು ಗಂಟೆಗೇ ಕಿಟಕಿ ಕಪ್ಪು.
ಮೇಜಿನ ಮೇಲೆ ಹದಿನೇಳು ಜಾಕೆಟ್ಟು,
ಪಕ್ಕದ ಹಳ್ಳಿಯ ಬೆಂಕಿ ಆರಿಸುವ ದಳದ್ದು.
ಸಂಬಳವಿಲ್ಲದ ಕೆಲಸ, ಎದೆಯ ಮೇಲೆ ಹೆಸರಾದರೂ ಇರಲಿ ಅಂತ
ದಳದ ಮುಖ್ಯಸ್ಥ ತ್ಸೆಜಾರಿ ತಂದು ಸುರಿದು ಹೋದ.

ಎತ್ತರ ಆರು ಮಿಲಿಮೀಟರ್. ಹಳದಿ ದಾರ, ಕಪ್ಪು ಫ್ಲೀಸ್.
ಹದಿನೈದು ಹೆಸರು ಸುಸೂತ್ರ.
ಈ ಮಾತು ಹುಟ್ಟಿದ್ದು ನಮ್ಮಂಥವರ ಅಂಗಡಿಯಲ್ಲೇ ಇರಬೇಕು.
ಉಳಿದದ್ದು ಎರಡು: ವಾಶಿಕ್, ವೋಂಶಿಕ್.

ಬರೆದರೆ ಎರಡೂ ಒಂದೇ,
ಒಬ್ಬನ ಆ-ಕ್ಕೆ ಕೆಳಗೊಂದು ಬಾಲ, ಉಗುರಿನ ಚೂರಿನಷ್ಟು.
ಬಾಲವಿದ್ದರೆ ಪುಟ್ಟ ಮೀಸೆ ಅಂತ ಅರ್ಥ.
ಇಲ್ಲದಿದ್ದರೆ ಅರ್ಥವಿಲ್ಲ, ಬರೀ ಮನುಷ್ಯ.
ಹನ್ನೊಂದು ವರ್ಷದ ಹಿಂದೆ ಯಾವನೋ ಗುಮಾಸ್ತ
ಬಾಲ ಬಿಟ್ಟು ವಿಳಾಸ ಟೈಪಿಸಿದನಂತೆ.
ಒಬ್ಬನ ಕೋರ್ಟಿನ ಕಾಗದ ಒಡೆದದ್ದು ಇನ್ನೊಬ್ಬನ ಮನೆಯಲ್ಲಿ.
ಒಡೆದವನು ಓದಿದ; ಓದಿದವನು ಹೆಂಡತಿಗೆ ಹೇಳಿದ.
ಅಂದಿನಿಂದ ಒಂದೇ ಪೈಪು ಹಿಡಿದರೂ ಮಾತಿಲ್ಲ.
"ಆ ಬಾಲವೊಂದು ನೋಡಿಕೊಳ್ಳಮ್ಮ," ಅಂದಿದ್ದ ತ್ಸೆಜಾರಿ.

ಮೊದಲ ಸಲ: ಎಳೆಯಿಂದ ಎಳೆಗೆ ಪಾಯಿಂಟ್ ನಾಲ್ಕು.
ಬಾಲ ಗಂಟಾಯಿತು, ಕಪ್ಪು ಬಟ್ಟೆಯ ಮೇಲೊಂದು ಮೆಂತ್ಯದ ಕಾಳು.
ಎರಡನೆಯ ಸಲ ಸಡಿಲ ಬಿಟ್ಟೆ, ಪಾಯಿಂಟ್ ನಾಲ್ಕು ಐದು;
ಫ್ಲೀಸಿನ ರೋಮ ಎದ್ದು ಬಾಲವನ್ನೇ ಮೇಯ್ದಿತು.
ಬಟ್ಟೆ ಎಳೆಯುತ್ತದೆ, ಅದು ಅದರ ಹುಟ್ಟುಗುಣ.
ದಾರ ಬಿಗಿದಷ್ಟೂ ಅಕ್ಷರ ಸೊರಗುತ್ತದೆ,
ಅದಕ್ಕೇ ಮೊದಲೇ ಕೂದಲೆಳೆಯಷ್ಟು ದಪ್ಪ ಬರೆಯಬೇಕು,
ಸೊರಗಿದ ಮೇಲೆ ಸರಿಹೋಗುವಂತೆ.
ಅಮ್ಮ ಸ್ವೆಟರ್ ಹೆಣೆಯುವಾಗಲೂ ಹೀಗೇ,
ಒಗೆತಕ್ಕೆ ಇಷ್ಟು, ಬೆಳೆಯುವುದಕ್ಕೆ ಇಷ್ಟು.
ಬೆಳೆಯುವುದರ ಲೆಕ್ಕ ಮಾತ್ರ ತಪ್ಪುತ್ತಿತ್ತು.

ಪುಲ್ ಕಾಂಪೆನ್ಸೇಷನ್ ಪಾಯಿಂಟ್ ಎರಡು, ಮೂರು, ಮೂರು ಐದು.
ಅಡಿಹೊಲಿಗೆ ನಡುವೆ ಒಂದೇ ಗೆರೆ,
ಅಂಚಿನದು ತೆಗೆದೆ, ಇಷ್ಟು ಸಣ್ಣ ಮನೆಗೆ ಎರಡು ಬುನಾದಿ ಯಾಕೆ.
ತೆಳು ದಾರ, ತೆಳು ಸೂಜಿ.
ಮೇಲೆ ನೀರಲ್ಲಿ ಕರಗುವ ಹಾಳೆ.
ವೇಗ ಎಂಟುನೂರರಿಂದ ಐನೂರಕ್ಕೆ.
ಆ ದುಂಡಗೆ ಬಂತು. ಬಾಲ ಇನ್ನೂ ಮೆಂತ್ಯ.

ಏಳು ಗಂಟೆ. ಹೀಟರಿಗೆ ಮುಖ ಮಾಡಿ ಕೂತು ಬ್ರೆಡ್ಡು ತಿಂದೆ.
ಆಮೇಲೆ ಫಾಂಟನ್ನೇ ಒಡೆದೆ.
ಬಾಲವನ್ನು ಅಕ್ಷರದಿಂದ ಬಿಡಿಸಿ ಬೇರೆ ಇಟ್ಟು
ತುಂಬುಹೊಲಿಗೆ ಕಿತ್ತುಹಾಕಿ
ನಾಲ್ಕೇ ನಾಲ್ಕು ಓಟದ ಹೊಲಿಗೆ, ಹೋಗಿ ಬಂದು ಎರಡು ಪದರ,
ಕೊನೆಯದು ಸ್ವಲ್ಪ ಹೊರಕ್ಕೆ, ಯಾರನ್ನೋ ಕರೆಯುವ ಕಿರುಬೆರಳ ಹಾಗೆ.
ಯಂತ್ರ ಒಮ್ಮೆ ಕೆಮ್ಮಿತು.
ಬಂತು.

ಶನಿವಾರ ಜಾಕೆಟ್ ಒಯ್ಯಲು ಬಂದವನು ಮೀಸೆಯವನಲ್ಲ;
ವ್ಯಾನಿನ ಕೀಲಿ ಇದ್ದದ್ದು ಇವನ ಬಳಿ.
"ನಾನು ಬಾಲವಿಲ್ಲದವನು," ಅಂದ, ನಾನು ಕೇಳುವ ಮೊದಲೇ.
ತನ್ನದನ್ನು ನೋಡಲಿಲ್ಲ.
ಅವನದನ್ನು ಹುಡುಕಿ ತೆಗೆದು, ಬೆಳಕಿಗೆ ಹಿಡಿದು,
ಹೆಬ್ಬೆರಳಿಂದ ಆ ನಾಲ್ಕು ಹೊಲಿಗೆ ಸವರಿದ.
"ಇದೆ," ಅಂದ.
ಹದಿನೇಳನ್ನೂ ಎರಡು ತೋಳಲ್ಲಿ ತಬ್ಬಿ ಮೆಟ್ಟಿಲಿಳಿದ.

ನಾನು ಕಡತ ಉಳಿಸಲು ಕೂತೆ.
ಕಡತದ ಹೆಸರಲ್ಲಿ ಬಾಲ ಕೂಡದು,
ಹಳೇ ಯಂತ್ರ, ಇಂಗ್ಲಿಷಿನ ಇಪ್ಪತ್ತಾರೇ ಅದರ ಲೋಕ.
ಹಾಗಾಗಿ ಅಲ್ಲಿ ಅವರು ಅಣ್ಣತಮ್ಮಂದಿರು:
ವಾಶಿಕ್ ಒಂದು.
ವಾಶಿಕ್ ಎರಡು.