ಹದಿನಾರು ಸಲ ಕರೆದರೆ

ಮೆಮೊ ಎರಡೇ ಸಾಲಿನದು:
‘ರಾತ್ರಿ ಪಾಳಿಯಲ್ಲಿ ಎರಡರಿಂದ ನಾಲ್ಕರವರೆಗೆ
ನಿದ್ರಿಸಿದ್ದೇಕೆ? ಮೂರು ದಿನದೊಳಗೆ ಉತ್ತರಿಸಿ.’
ಕೆಳಗೆ ಸಾಹೇಬರ ಸಹಿ, ಹಸಿರು ಇಂಕು.
ನಾನು ಶಿವಮೊಗ್ಗದಿಂದ ಸಾಗರಕ್ಕೆ ಬಂದಿಳಿಯುವ ಹೊತ್ತಿಗೆ
ಗುಲ್ಶನ್ ಬಾನು ಅದನ್ನು ಎಷ್ಟು ಸಲ ಬಿಚ್ಚಿ ಮಡಚಿದ್ದಳೋ,
ಮಡಿಕೆಯಲ್ಲಿ ಕಾಗದ ಸೀಳಿತ್ತು.

ಆಸ್ಪತ್ರೆಯ ಹಿಂಬದಿಯ ಕೋಣೆ, ರಕ್ತದ ಫ್ರಿಜ್ಜು.
ಒಳಗಿನ ತಂಪೆಷ್ಟೆಂದು ಐದೈದು ನಿಮಿಷಕ್ಕೊಮ್ಮೆ
ತಂತಿಯ ಮೇಲೆ ಜಿಲ್ಲೆಗೆ ಸುದ್ದಿ ಹೋಗಬೇಕು.
ಹೋಗಿದೆ. ಹಗಲೆಲ್ಲ ಹೋಗಿದೆ.
ರಾತ್ರಿ ಎರಡಾಯಿತೆಂದರೆ ಗ್ರಾಫಿನ ಗೆರೆ
ಸಂಕ ಮುರಿದ ದಾರಿಯಂತೆ ತಟ್ಟನೆ ನಿಂತು
ನಾಲ್ಕಕ್ಕೆ, ಹೆರಿಗೆ ವಾರ್ಡಿನ ಸಿಸ್ಟರು ಬಂದು
ಮೌಸು ಮುಟ್ಟಿದ ಮೇಲೆ, ಆಚೆ ದಡದಲ್ಲಿ ಶುರು.

ಮೊದಲು ಕೇಬಲ್ ಬದಲಿಸಿದೆ.
ಎಲ್ಲರೂ ಮೊದಲು ಬೈಯುವುದು ಕೇಬಲನ್ನೇ.
ಇಲಿ ಕಡಿದಿಲ್ಲ, ಪಿನ್ನಿಗೆ ಕಿಲುಬಿಲ್ಲ.
ಸ್ವಿಚ್ಚಿನಲ್ಲಿ ಮೂರನೆಯ ತೂತಿನಿಂದ ಏಳನೆಯದಕ್ಕೆ ಚುಚ್ಚಿದೆ.
ಹೋದ ವಾರದ ಸಿಡಿಲಿಗೆ ಸುಟ್ಟಿತೇನೋ ಎಂದು
ಮೂಗು ತಂದು ಮೂಸಿದೆ.
ಬರೀ ಡೆಟಾಲಿನ ವಾಸನೆ.

ಉಳಿದದ್ದು ಕಾಯುವ ಕೆಲಸ.
ಅವಳೂ ಕೂತಳು. ಫ್ಲಾಸ್ಕಿನ ಚಹಾ, ಒಂದೊಂದು ಬನ್ನು.
ಕಾರ್ಡಿನ ಹಸಿರು ದೀಪ ಮಿಣಿಮಿಣಿ.
ಒಂದು ಐವತ್ತೆಂಟು.
ಎರಡು.
ಎರಡು ಗಂಟೆ ಮೂರು ನಿಮಿಷಕ್ಕೆ
ಆಕಳಿಕೆಯನ್ನೂ ತೆಗೆಯದೆ ಆರಿತು.

ಅವಳು ನನ್ನ ಮುಖ ನೋಡಿದಳು.
ನಾನು ಮೆನುವಿನೊಳಗೆ ಮೆನು, ಅದರೊಳಗೆ ಇನ್ನೊಂದು,
ಇಳಿಯುತ್ತ ಹೋದೆ. ತಳದಲ್ಲಿ ಒಂದು ಪುಟ್ಟ ಚೌಕ,
ಚೌಕದೊಳಗೆ ಟಿಕ್ಕು:
ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದು.
ಯಾರು ಹಾಕಿದ್ದು? ಯಾರೂ ಅಲ್ಲ.
ಹುಟ್ಟುವಾಗಲೇ ಹಣೆಯಲ್ಲಿ ಬರೆದು ಬಂದದ್ದು.

ಉಳಿತಾಯ, ಬಹಳವೆಂದರೆ, ಅರ್ಧ ವ್ಯಾಟು.
ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿ ಶರಾವತಿ
ಕಬ್ಬಿಣದ ಕೊಳವೆಗಳಲ್ಲಿ ಧುಮುಕಿ
ಕಾಣದ ಊರುಗಳಿಗೆಲ್ಲ ಬೆಳಕು ಹಂಚುತ್ತಿದ್ದಾಳೆ,
ಅವಳದೇ ತಾಲೂಕಿನಲ್ಲಿ ಈ ಗೇಣುದ್ದದ ಹಲಗೆ
ಅರ್ಧ ವ್ಯಾಟಿಗೆ ಜಿಪುಣತನ ಮಾಡಿ ಮಲಗಿತ್ತು.

ಪೂರಾ ನಿದ್ದೆಯಲ್ಲ ಅದು, ಅಂದೆ. ಒಂದು ಕಿವಿ ತೆರೆದೇ ಇರುತ್ತದೆ.
ತಂತಿಯ ಆ ತುದಿಯಿಂದ ಯಾರಾದರೂ
ಅದರ ಹನ್ನೆರಡಕ್ಷರದ ಹೆಸರನ್ನು
ಒಂದಕ್ಷರ ತಪ್ಪದೆ, ಒಂದೇ ಉಸಿರಿಗೆ
ಹದಿನಾರು ಸಲ ಕರೆದರೆ ಏಳುತ್ತದೆ.
ಬಾನು ಅಂದೇ ಮೊದಲು ನಕ್ಕಳು.
‘ಹದಿನಾರಾ? ನಮ್ಮಜ್ಜಿ ಮೂರು ಅಂತಿದ್ರು.
ರಾತ್ರಿ ಹೆಸರು ಹಿಡಿದು ಕರೆದ್ರೆ ಮೊದಲ ಕೂಗಿಗೆ ಓ ಅನ್ಬೇಡ,
ದೆವ್ವಕ್ಕೆ ಮೂರನೇ ಕೂಗು ಬರಲ್ಲ ಅಂತ.’
ನಮ್ಮಜ್ಜಿ ಅಷ್ಟೂ ನಂಬಿದವಳಲ್ಲ,
ಬಾಗಿಲಿಗೆ ‘ನಾಳೆ ಬಾ’ ಎಂದು ಸುಣ್ಣದಲ್ಲಿ ಬರೆಸಿಬಿಟ್ಟಿದ್ದಳು.

ಜಿಲ್ಲೆಯಿಂದ ಯಾರೂ ಇದನ್ನು ಕರೆದಿರಲಿಲ್ಲ.
ಹದಿನಾರಿರಲಿ, ಒಂದು ಸಲ.
ಕಳಿಸಿದ್ದು ಮೆಮೊ.

ಟಿಕ್ಕು ತೆಗೆದೆ.
ದೀಪ ಹೊತ್ತಿತು, ಏನೂ ಆಗದವರ ಹಾಗೆ.

ಆಗ ಅವಳು ಡ್ರಾಯರಿನಿಂದ ಒಂದು ನೋಟ್‌ಬುಕ್ ತೆಗೆದಳು,
ಹಳೆಯ ಕ್ಯಾಲೆಂಡರಿನ ಹೊದಿಕೆ, ಅಂಚೆಲ್ಲ ಚಹಾದ ಉಂಗುರ.
ಎರಡು ಗಂಟೆ: ನಾಲ್ಕು ಪಾಯಿಂಟ್ ಒಂದು.
ಎರಡೂವರೆ: ನಾಲ್ಕು ಪಾಯಿಂಟ್ ಎರಡು.
ಮೂರು: ಕರೆಂಟ್ ಹೋಯ್ತು. ಜನರೇಟರ್ ನಲವತ್ತು ಸೆಕೆಂಡ್ ತಡ.
ಒಂದು ರಾತ್ರಿಯೂ ಬಿಟ್ಟಿಲ್ಲ, ಒಂದು ಸಾಲೂ ಓರೆಯಿಲ್ಲ.
‘ಇದನ್ನ ತೋರಿಸ್ಲಿಲ್ವಾ?’
‘ಅವರು ಕೇಳಿದ್ದು ಗ್ರಾಫು ಸಾರ್.’

ವರದಿಯಲ್ಲಿ ಬರೆದೆ: ದೋಷ, ಉಳಿತಾಯ. ಪರಿಹಾರ, ಟಿಕ್ಕು ತೆಗೆದಿದೆ.
ಸಿಬ್ಬಂದಿ ಎಚ್ಚರವಿದ್ದರು ಎಂಬುದಕ್ಕೆ ಫಾರಮ್ಮಿನಲ್ಲಿ ಕಾಲಮ್ಮಿಲ್ಲ.
ಅಂಚಿನಲ್ಲಿ, ಬಿಗಿ ಅಕ್ಷರದಲ್ಲಿ, ಅದನ್ನೂ ಬರೆದೆ.

ಐದಕ್ಕೆ ನಾನು ಚೀಲ ಹೆಗಲಿಗೇರಿಸುವಾಗ
ದೀಪ ಮಿಣುಕುತ್ತಲೇ ಇತ್ತು, ಗೆರೆ ತಾನಾಗಿ ಓಡುತ್ತಿತ್ತು.
ಆದರೂ ಅವಳು ಎದ್ದು ಫ್ರಿಜ್ಜಿನ ಗಾಜು ಒರೆಸಿ,
ಬಗ್ಗಿ ಓದಿ, ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ
ಬರೆದುಕೊಂಡಳು.

ಮೆಮೊ ವಾಪಸಾಯಿತೋ ಇಲ್ಲವೋ, ತಿಳಿಯದು.
ನನ್ನ ವರದಿಗೆ ಆನಂದಪುರ ದಾಟುವಾಗ ಉತ್ತರ ಬಂತು,
ಯಂತ್ರದ್ದು, ಒಂದೇ ಪದ:
ತಲುಪಿದೆ.