ಅರ್ಧ ಮಾತ್ರೆ

ಕಿಟ್ವೆಯ ಗಣಿಕೇರಿಯಲ್ಲಿ ನಾಮ್ಫುಕ್ವೆ
ಬ್ಲೇಡಿನಲ್ಲಿ ಮಾತ್ರೆ ಸೀಳುತ್ತಿದ್ದಳು.
ಬ್ಲೇಡು ಗಂಡನದು, ಗಡ್ಡಕ್ಕೆ ಸವೆದು ಮೊಂಡಾದದ್ದು.
ಮಾತ್ರೆ ಒಬ್ಬರದು, ಬಾಯಿ ಎರಡು.
ತಟ್ಟೆಗೆ ಉದುರಿದ ಪುಡಿಯನ್ನು
ಬೆರಳು ಒದ್ದೆ ಮಾಡಿ ಒತ್ತಿ ನೆಕ್ಕುವಳು:
ಕಹಿ. ಆದರೂ ಚೆಲ್ಲುವ ಕಹಿಯಲ್ಲ.

ಕಂಪನಿ ಆಸ್ಪತ್ರೆಯ ಚೀಟಿಯಲ್ಲಿ ಒಂದೇ ಹೆಸರು,
ಕಪೆಂಬ್ವಾ, ನೆಲದಡಿ ಹದಿನೇಳು ವರ್ಷ.
ಅವನಿಗೆ ಬಂದದ್ದೇ ಅವಳಿಗೂ ಬಂದಿತ್ತು,
ಹಾಸಿಗೆ ಒಂದೇ ಆದ್ದರಿಂದ.
ಅದು ಕಂಪನಿಯ ಲೆಕ್ಕಕ್ಕೆ ಬಾರದ ವಿಷಯ.
ಹೊರಗೆ ಅಂಗಡಿಯಲ್ಲಿ ಕೊಳ್ಳೋಣವೆಂದರೆ
ಸಂತೆಯಲ್ಲಿ ಅಳೆದು ಮಾರುವ ಒಣಮೀನು
ಒಂದು ತಿಂಗಳ ಡಬ್ಬಿಗೆ ಎಷ್ಟು ಲೋಟವಾದೀತೆಂದು
ಒಮ್ಮೆ ಲೆಕ್ಕ ಹಾಕಿದಳು. ಆಮೇಲೆ ಹಾಕಲಿಲ್ಲ.

ನರ್ಸಮ್ಮ ಗದರುವಳು: ಅರ್ಧರ್ಧ ತಿಂದರೆ
ರೋಗಕ್ಕೆ ಪಾಠ ಹೇಳಿಕೊಟ್ಟ ಹಾಗೆ,
ನಾಳೆ ನಮ್ಮ ಮದ್ದನ್ನೇ ಓದಿಕೊಂಡು ಬರುತ್ತದೆ ಅದು.
ನಾಮ್ಫುಕ್ವೆ ತಲೆಯಾಡಿಸುವಳು.
ಗೊತ್ತಿಲ್ಲದ್ದೇನಲ್ಲ.

ನನ್ನ ನುಡಿಯಲ್ಲಿ ಗುಳಿಗೆಗೂ ಮಾತ್ರೆಯೆನ್ನುತ್ತಾರೆ,
ಪದ್ಯದ ಅಳತೆಗೂ.
ಲಘುವಿಗೆ ಒಂದು, ಗುರುವಿಗೆ ಎರಡು,
ಬರೀ ವ್ಯಂಜನಕ್ಕೆ ಅರ್ಧ.
ಅರ್ಧ ಮಾತ್ರೆಯದು ತಾನಾಗಿ ಉಸಿರಾಡದು,
ಪಕ್ಕದಲ್ಲೊಂದು ಸ್ವರ ಬೇಕು ಎಂದು
ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ.
ಇಬ್ಬರೂ ಅರ್ಧವಾದರೆ ಸ್ವರ ಯಾರು,
ಮೇಷ್ಟ್ರನ್ನು ಕೇಳಿರಲಿಲ್ಲ.

ಲುಸಾಕಾದ ಸರ್ಕಾರಿ ಕಚೇರಿಯ ಮೂರನೇ ಮಹಡಿಯಲ್ಲಿ
ಕಪೆಂಬ್ವಾನ ತಂಗಿ ಕಸೂಬಾ ಟೈಪಿಸ್ಟು.
ಪೇಟೆಂಟಿನ ವಕೀಲರು ಬಂದು ಹೋದ ಕೋಣೆಯಲ್ಲಿ
ಸೆಂಟಿನ ವಾಸನೆ ಮಧ್ಯಾಹ್ನದವರೆಗೂ ಇತ್ತು.
ಬುದ್ಧಿಯೂ ಆಸ್ತಿಯೇ ಅಂದರಂತೆ, ಬೇಲಿ ದಾಟಿದರೆ ಕಳವಂತೆ.
ಚಹಾ ತಂದಿಟ್ಟಿದ್ದ ಮುದುಕ ಮುಸೋಸಾ
ಕಪ್ಪು ಬಸಿ ಎತ್ತುತ್ತ ಅಂದ:
ನಮ್ಮ ತಾಮ್ರ ಒಯ್ಯುವಾಗ ಈ ಬೇಲಿ
ಎಲ್ಲಿ ಮೇಯಲು ಹೋಗಿತ್ತು?

ಒಂದೂವರೆ ಪುಟ. ಕಸೂಬಾ ಬಡಿದಳು:
ಜನರ ಪ್ರಾಣದ ತುರ್ತನ್ನು ಮನಗಂಡು, ಕಡ್ಡಾಯ ಪರವಾನಗಿ,
ಇಲ್ಲಿನ ಕಾರ್ಖಾನೆಯೇ ತಯಾರಿಸತಕ್ಕದ್ದು,
ಪೇಟೆಂಟಿನ ಒಡೆಯನಿಗೆ ನೂರಕ್ಕೆ ಇಂತಿಷ್ಟು.
ಔಷಧದ ಹೆಸರಲ್ಲೊಂದು ಅಕ್ಷರ ತಪ್ಪಿತು.
ಫೈಲು ಮರಳಿತು. ಮತ್ತೆ ಹೋಯಿತು.
ಸಾಹೇಬರ ಸಹಿ ಬೀಳುವಷ್ಟರಲ್ಲಿ ಹನ್ನೊಂದು ದಿನ.

ಕಪೆಂಬ್ವಾ ತೀರಿಕೊಂಡದ್ದು ಆ ಹನ್ನೊಂದರಲ್ಲಲ್ಲ.
ಎರಡು ತಿಂಗಳು ಕಳೆದು, ಕಾರ್ಖಾನೆಯಲ್ಲಿ
ಯಂತ್ರ ಕೂಡಿಸುತ್ತಿದ್ದಾಗ.
ರೋಗ ಪಾಠ ಕಲಿತಾಗಿತ್ತು, ನಿನ್ನ ತಪ್ಪೇನಿಲ್ಲ,
ಎಲ್ಲರೂ ಹೇಳಿದರು. ಕಸೂಬಾಳ ಬೆರಳು
ಇಂದಿಗೂ ಆ ಅಕ್ಷರದ ಮೇಲೆ ತಡವರಿಸುತ್ತದೆ.

ಡಬ್ಬಿಗಳು ಬಂದವು, ಬಿಳಿಯವು, ಮುಚ್ಚಳ ಸಡಿಲ,
ಲೇಬಲ್ಲು ಸ್ವಲ್ಪ ಓರೆ.
ಚೀಟಿಯಲ್ಲೀಗ ನಾಮ್ಫುಕ್ವೆ ಎಂದೇ ಇದೆ.
ತಿಂಗಳಿಗೆ ಆರು ಲೋಟ ಒಣಮೀನು,
ಎರಡು ಸಲ ಎಣಿಸಿದಳು, ಆರೇ.

ಸಂಜೆ ತಟ್ಟೆ ತಂದಳು, ಬ್ಲೇಡು ತಂದಳು.
ಇನ್ನು ಕತ್ತರಿಸಬೇಕಾಗಿಲ್ಲ ಅತ್ತಿಗೆ, ಅಂದಳು ಕಸೂಬಾ.
ಗೊತ್ತು, ಅಂದಳು. ಕತ್ತರಿಸಿದಳು.
ಒಂದು ಹೋಳು ನುಂಗಿದಳು.
ಸ್ವಲ್ಪ ಹೊತ್ತು ಕೂತಳು.
ಆಮೇಲೆ ಇನ್ನೊಂದನ್ನೂ.