ಹತ್ತು ಬೋಲ್ಟಿನ ಮುಚ್ಚಳ

ಕಾಮಾಕ್ಷಿಪಾಳ್ಯದ ನಮ್ಮ ಶೆಡ್ಡಿಗೆ
ಡಾಕ್ಟರ್ ಪೂವಮ್ಮನ ಜೀಪು ಸೋಮವಾರ ಬಂತೆಂದರೆ
ಭಾನುವಾರ ಎಲ್ಲೋ ಕಲ್ಲು ಗೆದ್ದಿದೆ ಎಂದೇ ಲೆಕ್ಕ.

ಈ ಸಲ ಗೇಟಿನಿಂದ ಪಿಟ್ಟಿನವರೆಗೆ ಕಪ್ಪು ಚುಕ್ಕಿ,
ರಂಗೋಲಿಗೆ ಇಟ್ಟು ಗೆರೆ ಎಳೆಯದೆ ಬಿಟ್ಟ ಹಾಗೆ.
ಬಗ್ಗಿ ನೋಡಿದೆ:
ಹಿಂದಿನ ಆಕ್ಸಲ್ಲಿನ ಗುಂಡು ಹೊಟ್ಟೆ,
ಅದರ ತಗಡು ಮುಚ್ಚಳ
ಹುಡುಗರು ಬೀದಿಯಲ್ಲಿ ಒದ್ದ ಡಬ್ಬಿಯಂತೆ ಒಳಕ್ಕೆ ಹೋಗಿದೆ.

"ಮಾಗಡಿ ದಾಟಿ ಒಂದು ಹಳ್ಳ. ನೀರಿನಡಿ ಬಂಡೆ ಕಾಣಲಿಲ್ಲ."
"ಕಾಣೋ ಬಂಡೆಯಿಂದ ಯಾರೂ ಕೆಟ್ಟಿಲ್ಲ" ಅಂದ
ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ ದಸ್ತಗೀರ್.

ಹತ್ತು ಬೋಲ್ಟು. ಒಂಬತ್ತು ಬಂದವು.
ಹತ್ತನೆಯದು ತಲೆ ಕಳಕೊಂಡಿತ್ತು,
ಅದಕ್ಕೊಂದು ನಟ್ಟು ಬೆಸೆದು ತಿರುಗಿಸುವಷ್ಟರಲ್ಲಿ
ಎರಡು ಸಲ ಕರೆಂಟು ಹೋಯಿತು.
ಮುಚ್ಚಳ ಬಿಟ್ಟಾಗ ಸುರಿದದ್ದು
ನೀರು ಸೇರಿ ರಾಗಿ ಅಂಬಲಿಯಾದ ಎಣ್ಣೆ.

ಯಾರನ್ನೂ ಕೇಳದೆ ಡಾಕ್ಟರು ಪಿಟ್ಟಿಗಿಳಿದರು.
ಮೊಬೈಲಿನ ಬೆಳಕು ಹಿಡಿದು, ಕಿರುಬೆರಳಿನಲ್ಲಿ
ಕ್ರೌನಿನ ಒಂದೊಂದೇ ಹಲ್ಲು ಸವರಿ
"ಇದು ಬಿರುಕಲ್ಲ, ಗೀರು. ಇದು ಬರೀ ಕಲೆ.
ಇದರ ಅಂಚು ಚೂರು ಸವೆದಿದೆ, ನಡೆಯುತ್ತೆ."
ವಿಜಯನಗರದ ಕ್ಲಿನಿಕ್ಕಿನಲ್ಲೂ ಹೀಗೇ ಅನ್ನುತ್ತಾರೇನೋ.
ನನ್ನ ನಾಲಗೆ ತಂತಾನೇ
ಎಡದವಡೆಯ ಹಳೇ ಗುಳಿ ಹುಡುಕಿತು.

ಹನ್ನೆರಡು ಎಂಎಂ ಪ್ಲೇಟಿನ ಬಳೆ,
ಅದರ ಮೇಲೆ ಆರು ಎಂಎಂ ಗುಮ್ಮಟ,
ಗುಮ್ಮಟಕ್ಕೆ ಮೂರು ಪಕ್ಕೆಲುಬು.
ದಸ್ತಗೀರ್ ಒಂದಂಗುಲ ಬೆಸೆಯುತ್ತಾನೆ,
ಕೈಕಟ್ಟಿ ಕೂರುತ್ತಾನೆ.
ಆಚೆ ಬದಿ ಒಂದಂಗುಲ. ಮತ್ತೆ ಕೂರುತ್ತಾನೆ.
ಗದರಿದರೆ, "ಕಾವಿಗೆ ಅಂಚು ಸೊಟ್ಟ ಹೋದರೆ
ನಿಮ್ಮ ಅವಸರ ಹನಿಹನಿಯಾಗಿ ಸೋರುತ್ತೆ, ಅಣ್ಣ."

ಒಳಗಿರುವುದಾದರೂ ಏನು, ನಾಲ್ಕು ಪುಟ್ಟ ಗಿಯರು.
ತಿರುವಿನಲ್ಲಿ ಒಳಗಾಲಿ ನಿಧಾನ, ಹೊರಗಾಲಿ ಜೋರು,
ಎರಡನ್ನೂ ಜಗಳವಿಲ್ಲದೆ ದಾಟಿಸುವುದು ಅವುಗಳ ಕಸುಬು.
ಹತ್ತೊಂಬತ್ತು ವರ್ಷದಿಂದ ಒಂದೇ ಶೆಡ್ಡಲ್ಲಿದ್ದೇವೆ.
ಹೊರಗಾಲಿ ನಾನು.

ಸಂಜೆ ಹತ್ತೂ ಬೋಲ್ಟು ಕೂತವು,
ಎದುರುಬದುರಾಗಿ, ಒಂದು ಸುತ್ತು, ಇನ್ನೊಂದು ಸುತ್ತು.
ಹೊಸ ಎಣ್ಣೆ ಹೊಯ್ದೆ, ಜೇನಿನ ಬಣ್ಣ, ಗಂಧಕದ ನಾತ.
ಡಾಕ್ಟರು ಮುಚ್ಚಳ ತಟ್ಟಿ ನೋಡಿದರು, ತಂಬಿಗೆ ಕೊಳ್ಳುವವರಂತೆ.
ಆಮೇಲೆ ನನ್ನ ಕಡೆ ತಿರುಗಿ
"ಬೆಳಗ್ಗೆಯಿಂದ ನೋಡ್ತಿದ್ದೀನಿ, ಬಾಯಿ ತೆರೀರಿ."
ಪಿಟ್ಟಿನ ಅಂಚಲ್ಲೇ ತೆರೆದೆ.
"ಮಂಗಳವಾರ ಬನ್ನಿ. ನಿಮಗೂ ಒಂದು ಕವರ್ ಬೇಕು."
"ಎಷ್ಟು ಎಂಎಂ?" ಅಂದ ದಸ್ತಗೀರ್.

ನೆಗ್ಗಿದ ಹಳೇ ತಗಡಲ್ಲಿ ಈಗ
ಬೀದಿನಾಯಿ ನೀರು ಕುಡಿಯುತ್ತೆ,
ಒಂದೊಂದು ನಾಲಗೆಗೂ ಅದು ಓಲಾಡುತ್ತೆ.
ಜೀಪು ಹೋದಮೇಲೆ ಗೇಟಿನವರೆಗೆ ನಡೆದು ನೋಡಿದ್ದೆ,
ಒಂದು ಚುಕ್ಕಿಯೂ ಇರಲಿಲ್ಲ.
ಮಂಗಳವಾರಗಳು ಮೂರು ಕಳೆದವು. ನಾನಿನ್ನೂ ಹೋಗಿಲ್ಲ.